ಒಂದು ಪಾನಗೃಹ, ಎರಡು ನೆನಪು

ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ತುದಿಯಲ್ಲಿ, ಗಗನಚುಂಬಿ ಕಟ್ಟಡಗಳ ನಡುವೆ, ಹಳೆಯ ಮಾದರಿಯ ಇಟ್ಟಿಗೆ ಮನೆಯೊಂದು ನಿಂತಿದೆ. ಅದರ ಹೆಸರು ಫ್ರಾನ್ಸಿಸ್ ಟಾವರ್ನ್. ಕೆಳಗೆ ಊಟ, ಪಾನೀಯದ ವ್ಯಾಪಾರ, ಮೇಲೆ ವಸ್ತುಸಂಗ್ರಹಾಲಯ.

1719ರಲ್ಲಿ ಡಿ ಲಾನ್ಸಿ ಎಂಬ ಶ್ರೀಮಂತ ವರ್ತಕ ಕುಟುಂಬಕ್ಕಾಗಿ ಕಟ್ಟಿದ ಮನೆ ಇದು. 1762ರಲ್ಲಿ ಸ್ಯಾಮುಯೆಲ್ ಫ್ರಾನ್ಸಿಸ್ ಎಂಬಾತ ಇದನ್ನು ಕೊಂಡು ಪಾನಗೃಹ ತೆರೆದ. ಆಗಿನ ಪಾನಗೃಹವೆಂದರೆ ಬರೀ ಹೆಂಡದಂಗಡಿಯಲ್ಲ. ಊಟ, ವಸತಿ, ವ್ಯಾಪಾರದ ಮಾತುಕತೆ, ರಾಜಕೀಯದ ಗುಸುಗುಸು ಎಲ್ಲಕ್ಕೂ ಅದೇ ಜಾಗ. 1768ರಲ್ಲಿ ನ್ಯೂಯಾರ್ಕಿನ ವಾಣಿಜ್ಯ ಮಂಡಳಿ ಹುಟ್ಟಿದ್ದು ಇಲ್ಲಿಯೇ.

ಆದರೆ ಈ ಮನೆ ಪ್ರಸಿದ್ಧವಾದದ್ದು 1783ರ ಡಿಸೆಂಬರ್ 4ರಿಂದ. ಅಮೆರಿಕದ ವಸಾಹತುಗಳ ಸ್ವಾತಂತ್ರ್ಯ ಯುದ್ಧದ ನಿರ್ಣಾಯಕ ಕಾಳಗ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಮುಗಿದಿತ್ತು. ಅಲ್ಲಿ ಶರಣಾದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್. ಮುಂದೆ 1792ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆ ನಡೆಸಿ ಟಿಪ್ಪುವಿನಿಂದ ಅರ್ಧ ರಾಜ್ಯ ಕಿತ್ತುಕೊಂಡವನೂ ಆತನೇ. 1783ರ ನವೆಂಬರ್ 25ರಂದು ಬ್ರಿಟಿಷ್ ಸೇನೆ ನ್ಯೂಯಾರ್ಕ್ ಬಿಟ್ಟಿತು. ಒಂಬತ್ತು ದಿನಗಳ ನಂತರ ಜಾರ್ಜ್ ವಾಷಿಂಗ್ಟನ್ ಈ ಮನೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ ತನ್ನ ಅಧಿಕಾರಿಗಳನ್ನು ಒಬ್ಬೊಬ್ಬರನ್ನೇ ತಬ್ಬಿ, ಕಣ್ಣೀರಿಟ್ಟು ಬೀಳ್ಕೊಂಡ. ಅಲ್ಲಿದ್ದ ಬೆಂಜಮಿನ್ ಟಾಲ್ಮಜ್ ಎಂಬ ಅಧಿಕಾರಿ ಮುಂದೆ ಇದನ್ನು ತನ್ನ ನೆನಪುಗಳಲ್ಲಿ ಬರೆದಿಟ್ಟ.

ಕಾಲ ಮಾತ್ರ ಈ ಮನೆಯ ಮೇಲೆ ಕರುಣೆ ತೋರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹಲವು ಬಾರಿ ಬೆಂಕಿ ಬಿತ್ತು, ಹೊಸ ಅಂತಸ್ತುಗಳು ಏರಿದವು, ಗುರುತು ಸಿಗದಷ್ಟು ರೂಪ ಬದಲಾಯಿತು. ಕೆಡವುವ ಮಾತು ಬಂದಾಗ ನೆರವಾದದ್ದು ಅದೇ ಟಾಲ್ಮಜ್‌ನ ಮೊಮ್ಮಗ ಬಿಟ್ಟುಹೋದ ಹಣ. ಕ್ರಾಂತಿ ಯೋಧರ ವಂಶಸ್ಥರ ಸಂಘವೊಂದು 1904ರಲ್ಲಿ ಕಟ್ಟಡವನ್ನು ಕೊಂಡಿತು. ವಾಸ್ತುಶಿಲ್ಪಿ ವಿಲಿಯಂ ಮರ್ಸರೊ ಅದನ್ನು ಜೀರ್ಣೋದ್ಧಾರ ಮಾಡಿದ. 1907ರಲ್ಲಿ ಬಾಗಿಲು ತೆರೆಯಿತು.

ತಕರಾರು ಹುಟ್ಟಿದ್ದು ಇಲ್ಲಿ. ಮೂಲ ಕಟ್ಟಡ ಹೇಗಿತ್ತೆಂದು ತೋರಿಸುವ ಚಿತ್ರವಾಗಲಿ ನಕ್ಷೆಯಾಗಲಿ ಸಿಕ್ಕಿರಲಿಲ್ಲ. ಹಾಗಾಗಿ ಇಂದು ಕಾಣುವ ರೂಪದಲ್ಲಿ ಊಹೆಯ ಪಾಲು ದೊಡ್ಡದು. ಆದರೂ 1965ರಲ್ಲಿ ನಗರದ ಸಂರಕ್ಷಣಾ ಆಯೋಗ ಇದನ್ನು ರಕ್ಷಿತ ಕಟ್ಟಡವೆಂದು ಘೋಷಿಸಿತು.

ಇಟ್ಟಿಗೆಗಿಂತ ದೊಡ್ಡ ಪ್ರಶ್ನೆ ನೆನಪಿನದು. 1783ರ ಮೇ ತಿಂಗಳಿಂದ ನವೆಂಬರ್‌ವರೆಗೆ ಇದೇ ಮನೆಯಲ್ಲಿ ಬುಧವಾರಗಳಂದು ಒಂದು ವಿಚಾರಣೆ ನಡೆಯುತ್ತಿತ್ತು. ಯುದ್ಧಕಾಲದಲ್ಲಿ ಒಡೆಯರಿಂದ ತಪ್ಪಿಸಿಕೊಂಡು ಬ್ರಿಟಿಷರ ಕಡೆ ಸೇರಿದ ಕಪ್ಪು ಗುಲಾಮರಿಗೆ ಬ್ರಿಟಿಷರು ಬಿಡುಗಡೆಯ ಮಾತು ಕೊಟ್ಟಿದ್ದರು. ಅವರನ್ನು ತಮ್ಮ ಸ್ವತ್ತೆಂದು ಮರಳಿ ಕೇಳಲು ಒಡೆಯರು ಬರುತ್ತಿದ್ದರು. ಯಾರು ಸ್ವತಂತ್ರರು, ಯಾರು ಅಲ್ಲ ಎಂಬ ವಿವಾದ ಇಲ್ಲಿ ತೀರ್ಮಾನವಾಗುತ್ತಿತ್ತು. ಆ ವರ್ಷ ಹಡಗು ಹತ್ತಿದ ಸುಮಾರು 3,000 ಕಪ್ಪು ಜನರ ಹೆಸರುಗಳು ಒಂದು ದಾಖಲೆ ಪುಸ್ತಕದಲ್ಲಿ ಉಳಿದಿವೆ. ಬಹುಪಾಲು ಜನ ಕೆನಡಾದ ನೋವಾ ಸ್ಕೋಷಿಯಾಕ್ಕೆ ಹೋದರು. ಇವರನ್ನು ಹಿಂದಿರುಗಿಸಬೇಕೆಂದು ಬ್ರಿಟಿಷ್ ದಂಡನಾಯಕ ಕಾರ್ಲ್‌ಟನ್‌ನ ಮುಂದೆ ಪಟ್ಟು ಹಿಡಿದವರಲ್ಲಿ ವಾಷಿಂಗ್ಟನ್ನನೇ ಒಬ್ಬ. ಕಾರ್ಲ್‌ಟನ್ ಒಪ್ಪಲಿಲ್ಲ.

ಕಣ್ಣೀರಿನ ವಿದಾಯದ ಕೋಣೆಯನ್ನು 1907ರಲ್ಲಿಯೇ ಸಜ್ಜುಗೊಳಿಸಲಾಯಿತು. ಬುಧವಾರದ ವಿಚಾರಣೆಗಳಿಗೆ ಸಂಗ್ರಹಾಲಯದಲ್ಲಿ ಪ್ರತ್ಯೇಕ ಪ್ರದರ್ಶನ ದೊರೆತದ್ದು ತೀರ ಈಚಿನ ವರ್ಷಗಳಲ್ಲಿ. ಗೋಡೆಯನ್ನು ಊಹೆಯಿಂದ ಮತ್ತೆ ಕಟ್ಟಬಹುದು. ಅದರೊಳಗೆ ಯಾರ ಕತೆಯನ್ನು ಇಡಬೇಕೆಂಬುದನ್ನು ಮಾತ್ರ ಪ್ರತಿ ತಲೆಮಾರೂ ಹೊಸದಾಗಿ ನಿರ್ಧರಿಸಬೇಕಾಗುತ್ತದೆ.