ದತ್ತು ಮುಗಿಯಿತು, ಪೌರತ್ವ ಬಾಕಿ ಉಳಿಯಿತು

ನಂದಿಗುಡಿ ಕಡೆ ಜಮೀನು ಕೊಂಡವರಿಗೆ ಹಿರಿಯರು ಹೇಳುವ ಮಾತು ಒಂದೇ: ನೋಂದಣಿ ಆದರೆ ಸಾಲದು, ಪಹಣಿಯಲ್ಲಿ ಹೆಸರು ಬರಬೇಕು. ದುಡ್ಡು ಕೊಟ್ಟು, ವರ್ಷಗಟ್ಟಲೆ ಉತ್ತು ಬಿತ್ತಿದರೂ ಖಾತೆ ಬದಲಾಗದಿದ್ದರೆ ಮುಂದೆ ಮಕ್ಕಳಿಗೆ ತಕರಾರು ತಪ್ಪಿದ್ದಲ್ಲ. ವಿದೇಶಕ್ಕೆ ದತ್ತು ಹೋದ ನಮ್ಮ ದೇಶದ ಕೆಲವು ಮಕ್ಕಳಿಗೆ ಆದದ್ದೂ ಇದೇ. ಮನೆ ಸಿಕ್ಕಿತು, ಹೊಸ ಹೆಸರು ಸಿಕ್ಕಿತು. ಪೌರತ್ವದ ಖಾತೆ ಮಾತ್ರ ಬದಲಾಗಲಿಲ್ಲ.

ಮನೆಯವರು ಒಪ್ಪಿದ ದತ್ತನ್ನು ಸರ್ಕಾರವೂ ಒಪ್ಪಬೇಕು ಎಂಬುದು ಕನ್ನಡಿಗರಿಗೆ ಹೊಸ ಪಾಠವಲ್ಲ. 1824ರಲ್ಲಿ ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೇ ಹೋದದ್ದು ರಾಣಿ ಚೆನ್ನಮ್ಮನ ಯುದ್ಧಕ್ಕೆ ದಾರಿಯಾಯಿತು. ಅಲ್ಲಿ ಪ್ರಶ್ನೆ ಸಂಸ್ಥಾನದ್ದಾಗಿತ್ತು. ಇಲ್ಲಿ ಮಗುವಿನ ದೇಶದ್ದು.

ತೊಡಕಿನ ಬೇರು ನಮ್ಮ ಕಾನೂನಿನಲ್ಲೇ ಇತ್ತು. 1956ರ ದತ್ತು ಕಾಯ್ದೆ ಅನ್ವಯಿಸುತ್ತಿದ್ದದ್ದು ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ. ಉಳಿದವರಿಗೆ ಇದ್ದದ್ದು ಬ್ರಿಟಿಷರ ಕಾಲದ 1890ರ ಪಾಲಕರು ಮತ್ತು ಪಾಲಿತರ ಕಾಯ್ದೆ. ನಂದಿಗುಡಿ ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಆ ದಿನಗಳಲ್ಲಿ ಹರಿಹರದ ಕಡೆಯ ಮಗುವನ್ನು ವಿದೇಶಿ ದಂಪತಿ ಕರೆದೊಯ್ಯಬೇಕೆಂದರೆ ಜಿಲ್ಲಾ ನ್ಯಾಯಾಲಯ ಕೊಡಬಹುದಾಗಿದ್ದದ್ದು ಪಾಲಕತ್ವದ ಆದೇಶ ಮಾತ್ರ, ದತ್ತಿನ ಆದೇಶವಲ್ಲ. ಮಗು ಭಾರತದ ಪಾಸ್‌ಪೋರ್ಟ್ ಹಿಡಿದು, ಭಾರತೀಯ ಪ್ರಜೆಯಾಗಿಯೇ ವಿಮಾನ ಹತ್ತುತ್ತಿತ್ತು. ಅಲ್ಲಿಗೆ ಹೋದ ಮೇಲೆ ತಂದೆತಾಯಿ ಅಲ್ಲಿನ ಕೋರ್ಟಿನಲ್ಲಿ ದತ್ತು ಮುಗಿಸಬೇಕಿತ್ತು. ಅಮೆರಿಕದಂಥ ದೇಶದಲ್ಲಿ ಪೌರತ್ವಕ್ಕೆ ಮತ್ತೊಂದು ಅರ್ಜಿ ಹಾಕಬೇಕಿತ್ತು. ಎಲ್ಲರಿಗೂ ಅನ್ವಯಿಸುವ ದತ್ತು ಕಾಯ್ದೆ ತರಲು 1972 ಮತ್ತು 1980ರಲ್ಲಿ ಮಂಡಿಸಿದ ಮಸೂದೆಗಳು ಕಾಯ್ದೆಯಾಗಲಿಲ್ಲ.

ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು ಸುಪ್ರೀಂ ಕೋರ್ಟ್ 1984ರಲ್ಲಿ ನಿಯಮ ರೂಪಿಸಿತು. ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕವೇ ಮಗು ಹೋಗಬೇಕು, ಎರಡು ವರ್ಷದೊಳಗೆ ಅಲ್ಲಿ ದತ್ತು ಪೂರ್ಣಗೊಳ್ಳಬೇಕು ಎಂದಿತು. 1986ರ ವಿಶ್ವಸಂಸ್ಥೆಯ ಘೋಷಣೆ, ಮಗುವಿಗೆ ಸದಾ ಹೆಸರು, ರಾಷ್ಟ್ರೀಯತೆ ಮತ್ತು ಕಾನೂನುಬದ್ಧ ಪ್ರತಿನಿಧಿ ಇರಬೇಕು ಎಂದು ಹೇಳಿತು.

ಆದರೆ ಎರಡನೆಯ ಅರ್ಜಿಯನ್ನು ಕೆಲವರು ಹಾಕಲೇ ಇಲ್ಲ. ಅಮೆರಿಕ 2000ದಲ್ಲಿ ಕಾಯ್ದೆ ತಂದು, ದತ್ತುಮಕ್ಕಳಿಗೆ ತಾನಾಗಿಯೇ ಪೌರತ್ವ ಸಿಗುವಂತೆ ಮಾಡಿತು. ಅದು ಜಾರಿಯಾದ 2001ರ ಫೆಬ್ರುವರಿ 27ಕ್ಕೆ 18 ತುಂಬಿದವರು ಹೊರಗುಳಿದರು. ಕೋಲ್ಕತ್ತದಿಂದ ಹಸುಗೂಸಾಗಿ ಹೋದ ಒಬ್ಬಾಕೆ ಸುಮಾರು 11 ತಿಂಗಳ ಅಂತರದಲ್ಲಿ ತಪ್ಪಿಸಿಕೊಂಡಳು. 2012ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಸೋತಳು. ಮುಂಬೈಯಿಂದ ಬಾಲ್ಯದಲ್ಲಿ ಹೋಗಿದ್ದ ಇನ್ನೊಬ್ಬಾಕೆಯನ್ನು 2008ರಲ್ಲಿ ಭಾರತಕ್ಕೇ ಗಡೀಪಾರು ಮಾಡಲಾಯಿತು. ಇಬ್ಬರ ಮೇಲೂ ಅಪರಾಧದ ಪ್ರಕರಣವಿತ್ತು ನಿಜ. ಆದರೆ ಅದೇ ತಪ್ಪಿಗೆ ಆ ಮನೆಯಲ್ಲಿ ಹುಟ್ಟಿದ ಮಗಳನ್ನು ಯಾರೂ ದೇಶ ಬಿಡಿಸುತ್ತಿರಲಿಲ್ಲ.

ಭಾರತ 2003ರಲ್ಲಿ ಹೇಗ್ ಒಪ್ಪಂದಕ್ಕೆ ಸೇರಿತು. 2015ರ ಬಾಲನ್ಯಾಯ ಕಾಯ್ದೆಯಡಿ ಈಗ ಇಲ್ಲಿಯೇ ದತ್ತಿನ ಆದೇಶ ಸಿಗುತ್ತದೆ. 2022ರ ಸೆಪ್ಟೆಂಬರ್‌ನಿಂದ ಆ ಅಧಿಕಾರ ಜಿಲ್ಲಾಧಿಕಾರಿಯದು. ಅಂದರೆ ನಮ್ಮ ಜಿಲ್ಲೆಯ ಮಗುವಿನ ಕಡತಕ್ಕೆ ಸಹಿ ಬೀಳುವುದು ದಾವಣಗೆರೆಯಲ್ಲಿಯೇ. ಮಗು ಹೋದ ಮೇಲೂ ಎರಡು ವರ್ಷ ಅದರ ಕ್ಷೇಮದ ವರದಿ ಬರಬೇಕು.

ಆದರೂ ಪೌರತ್ವ ಕೊಡುವುದು ಆ ದೇಶದ ಕಾನೂನು. ಜಮೀನು ಕೊಂಡವನು ಖಾತೆಗಾಗಿ ತಾನೇ ಕಚೇರಿಗೆ ಅಲೆಯಬಲ್ಲ. ಎರಡು ವರ್ಷದ ಕೂಸು ಅಲೆಯಲಾರದು. ಬಾಕಿ ಉಳಿದದ್ದು ಅದಕ್ಕೆ ತಿಳಿಯುವ ಹೊತ್ತಿಗೆ ವಯಸ್ಸು 18 ದಾಟಿರುತ್ತದೆ. ದತ್ತಿನ ಕಡತ ಮುಚ್ಚುವ ಮುನ್ನ ಪೌರತ್ವದ ಪತ್ರ ಬಂದಿದೆಯೇ ಎಂದು ಕೇಳಬೇಕಾದವರು ದೊಡ್ಡವರು.