ಬೀದರ ಸೀಮೆಯ ಪರೀಕ್ಷೆಗಳು

ಬೀದರ, ಭಾಲ್ಕಿ, ಔರಾದಗಳ ಸೀಮೆಯಲ್ಲಿ ಪರೀಕ್ಷೆಯೆಂಬ ವ್ಯವಸ್ಥೆಯು ಬೆಳೆದುಬಂದ ಬಗೆಯನ್ನು ಅರಿಯಹೊರಟವನು, ಅಂಕಪಟ್ಟಿಗಳನ್ನು ತೆರೆಯುವುದಕ್ಕೆ ಮೊದಲು, ಅಲ್ಲಿಯ ಮಕ್ಕಳನ್ನು ಯಾವ ಕಾಲದಲ್ಲಿ ಯಾವ ಭಾಷೆಯಲ್ಲಿ ಪ್ರಶ್ನಿಸಲಾಯಿತೆಂಬುದನ್ನು ವಿಚಾರಿಸಬೇಕಾಗುತ್ತದೆ. ಏಕೆಂದರೆ ಅಜ್ಜನು ಉರ್ದುವಿನಲ್ಲಿಯೂ, ಮಗನು ಕನ್ನಡದಲ್ಲಿಯೂ, ಮೊಮ್ಮಗಳು ಇಂಗ್ಲಿಷಿನಲ್ಲಿಯೂ ಉತ್ತರ ಬರೆದ ಮನೆತನಗಳು ಈ ಪ್ರಾಂತದಲ್ಲಿ ಅಪರೂಪವಲ್ಲ. ಮೂವರೂ ಮನೆಯಲ್ಲಿ ಆಡಿದ ಮಾತು ಮಾತ್ರ ಒಂದೇ.

ಈ ಸೀಮೆಯ ವಿದ್ಯಾಪರಂಪರೆ ಅರ್ವಾಚೀನವಾದುದಲ್ಲ. ಪರ್ಷಿಯಾದ ಗಿಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯ ಪದವಿಗೇರಿದ ಮಹಮೂದ್ ಗವಾನನು ೧೪೭೨ರಲ್ಲಿ ಬೀದರ ನಗರದಲ್ಲಿ ಕಟ್ಟಿಸಿದ ಮದರಸಾ, ಮೂರು ಅಂತಸ್ತುಗಳ ಕೊಠಡಿಗಳಿಂದಲೂ, ಗ್ರಂಥಭಂಡಾರದಿಂದಲೂ, ದೂರದೇಶಗಳ ಪಂಡಿತರ ಸಾನ್ನಿಧ್ಯದಿಂದಲೂ ದಖ್ಖನದ ಮಹಾವಿದ್ಯಾಲಯವೆನಿಸಿತ್ತು. ಅಂಥ ಮದರಸಾಗಳಲ್ಲಿ ಶಿಷ್ಯನು ಗ್ರಂಥವೊಂದನ್ನು ಗುರುವಿನ ಸಮ್ಮುಖದಲ್ಲಿ ಆದ್ಯಂತವಾಗಿ ಓದಿ, ಕೇಳಿದ ಸಂಶಯಗಳಿಗೆ ಸಮಾಧಾನ ಹೇಳಿದ ಮೇಲೆ, ಆ ಗ್ರಂಥವನ್ನು ಇತರರಿಗೆ ಬೋಧಿಸುವ ಅನುಮತಿಪತ್ರವನ್ನು ಗುರುವೇ ನೀಡುತ್ತಿದ್ದನು. ಕಲಿಸಿದವನೇ ಪರೀಕ್ಷಕನಾಗಿದ್ದುದರಿಂದ, ಶಿಷ್ಯನ ಸೋಲು ಗುರುವಿನ ಸೋಲೂ ಆಗಿರುತ್ತಿತ್ತು.

ಪರೀಕ್ಷಕನು ಅಗೋಚರನಾದುದು ಅಸಫಜಾಹಿ ಅರಸರಾದ ನಿಜಾಮರ ಆಧುನಿಕ ಆಡಳಿತದಲ್ಲಿ. ಬೀದರವೂ ಸೇರಿದ್ದ ಅವರ ಹೈದರಾಬಾದ್ ಸಂಸ್ಥಾನದಲ್ಲಿ ರಾಜ್ಯಭಾಷೆಯಾಗಿದ್ದ ಪಾರಸಿಯ ಸ್ಥಾನಕ್ಕೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉರ್ದು ಬಂದಿತು. ಸರಕಾರಿ ನೌಕರಿಗೆ ಆ ಭಾಷೆಯಲ್ಲಿ ತೇರ್ಗಡೆಯಾಗುವುದೇ ದಾರಿಯಾಯಿತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವಿಜ್ಞಾನ, ವೈದ್ಯ, ನ್ಯಾಯಶಾಸ್ತ್ರಗಳನ್ನು ಉರ್ದುವಿನಲ್ಲಿ ಬೋಧಿಸಿದುದು, ಭಾರತೀಯ ಭಾಷೆಯೊಂದು ಉಚ್ಚಶಿಕ್ಷಣದ ಭಾರವನ್ನು ಹೊರಬಲ್ಲದೆಂಬುದಕ್ಕೆ ಸಾಕ್ಷಿಯಾಗಿ ಇಂದಿಗೂ ಗೌರವಾರ್ಹವಾದ ಸಾಹಸ. ಆದರೆ ಅದೇ ಸಾಹಸವು ಭಾಲ್ಕಿಯ ಒಕ್ಕಲಿನ ಮಗುವಿಗೆ ಬೇರೊಂದು ಮುಖವನ್ನು ತೋರಿಸಿತು. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುತ್ತಿದ್ದ ಆ ಮಗು, ಗಣಿತದ ಲೆಕ್ಕವನ್ನು ಬಿಡಿಸುವುದಕ್ಕೆ ಮೊದಲು ಲೆಕ್ಕವನ್ನು ಹೇಳಿದ ಭಾಷೆಯನ್ನೇ ಬಿಡಿಸಿಕೊಳ್ಳಬೇಕಾಯಿತು. ಅಷ್ಟರಲ್ಲಿ ಎಷ್ಟೋ ಮಕ್ಕಳು ಶಾಲೆಯನ್ನೇ ಬಿಟ್ಟವು.

ಈ ದುಃಸ್ಥಿತಿಗೆ ಭಾಲ್ಕಿಯ ಹಿರೇಮಠದಿಂದ ಬಂದ ಉತ್ತರವು ಕನ್ನಡ ನಾಡಿನ ಶಿಕ್ಷಣಚರಿತ್ರೆಯಲ್ಲಿಯೇ ವಿಶಿಷ್ಟವಾದುದು. ಅಂದು ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ, ಮಠದ ಪೀಠವನ್ನೇರಿ, ಶತಾಯುಷಿಗಳಾಗಿ ೧೯೯೯ರಲ್ಲಿ ಲಿಂಗೈಕ್ಯರಾದ ಪೂಜ್ಯ ಚನ್ನಬಸವ ಪಟ್ಟದ್ದೇವರು, ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬ ವೃತ್ತಾಂತವನ್ನು ಈ ಭಾಗದ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಖಾಸಗಿ ಶಾಲೆಯನ್ನು ತೆರೆಯಲು ಸರಕಾರದ ಅಪ್ಪಣೆ ಬೇಕಾಗಿದ್ದ, ಕನ್ನಡದ ಹೆಸರೆತ್ತಿದರೆ ಅಧಿಕಾರಿಗಳ ಸಂಶಯಕ್ಕೆ ಗುರಿಯಾಗುತ್ತಿದ್ದ ಕಾಲವದು. ಪಟ್ಟದ್ದೇವರ ದೊಡ್ಡತನವಿದ್ದುದು ಫಲಕದ ಜಾಣ್ಮೆಯೊಂದರಲ್ಲಿಯೇ ಅಲ್ಲ. ಹಳ್ಳಿಯ ಹುಡುಗನಿಗೆ ಮೊದಲು ಅನ್ನ, ಅನಂತರ ವಸತಿ, ಅನಂತರ ತನ್ನ ಭಾಷೆಯ ಅಕ್ಷರ, ಇವೆಲ್ಲವೂ ದೊರೆತ ಮೇಲಷ್ಟೆ ಪರೀಕ್ಷೆ ಎಂಬ ಕ್ರಮವನ್ನು ಅವರು ಕಂಡುಕೊಂಡು, ಜೋಳಿಗೆ ಹಿಡಿದು ಭಿಕ್ಷೆ ಬೇಡಿ ವಿದ್ಯಾರ್ಥಿಗಳನ್ನು ಸಾಕಿ, ಆ ಕ್ರಮವನ್ನು ಆಚರಣೆಗೆ ತಂದರು. ವಿದ್ಯಾರ್ಥಿಗೂ ಪೋಷಕರಿಗೂ ಪರೀಕ್ಷಾ ಮಾರ್ಗದರ್ಶನವೆಂದು ಇಂದು ನಾವು ಕರೆಯುವ ಕಾರ್ಯದ ಮೂಲರೂಪವು ಈ ಸೀಮೆಯಲ್ಲಿ ಅದೇ.

೧೯೪೮ರ ಸೆಪ್ಟೆಂಬರ್ ೧೭ರಂದು ನಿಜಾಮರ ಆಳ್ವಿಕೆಯು ಕೊನೆಗೊಂಡಿತು. ೧೯೫೬ರ ನವೆಂಬರ್ ೧ರಂದು ಬೀದರ ಜಿಲ್ಲೆಯೇ ವಿಭಾಗವಾಗಿ, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋಗಿ, ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಕ್ಷೆಯ ಮೇಲೆ ಒಂದು ದಿನದಲ್ಲಿ ನಡೆದ ಈ ಬದಲಾವಣೆಯು ತರಗತಿಯೊಳಗೆ ನಡೆಯಲು ಒಂದು ತಲೆಮಾರೇ ಬೇಕಾಯಿತು. ಉರ್ದುವಿನಲ್ಲಿ ಕಲಿತ ಶಿಕ್ಷಕರು ಕನ್ನಡದಲ್ಲಿ ಕಲಿಸಬೇಕಾಯಿತು, ಹೈದರಾಬಾದಿನತ್ತ ನೋಡುತ್ತಿದ್ದ ಕಾಲೇಜು ವಿದ್ಯಾರ್ಥಿಯು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದತ್ತ ತಿರುಗಬೇಕಾಯಿತು. ೧೯೬೬ರ ಶಾಸನದಿಂದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ರೂಪುಗೊಂಡು, ೧೯೭೦ರ ದಶಕದಲ್ಲಿ ಎರಡು ವರ್ಷಗಳ ಪಿ.ಯು.ಸಿ. ನೆಲೆಗೊಂಡು, ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಉದಯಿಸಿದ ಮೇಲೆ, ಈ ಸೀಮೆಯ ಮಕ್ಕಳಿಗೆ ಪರೀಕ್ಷೆಯ ಮಾರ್ಗವು ಒಂದು ಸ್ಥಿರರೂಪಕ್ಕೆ ಬಂದಿತು.

ಆದರೂ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದಾಗ ಬೀದರವೂ ಸೇರಿದ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಪಟ್ಟಿಯ ಕೆಳತುದಿಯಲ್ಲಿ ಕಾಣಿಸಿಕೊಳ್ಳುವುದು ವರ್ಷವರ್ಷದ ನೋವಾಗಿದೆ. ಇದನ್ನು ಮಕ್ಕಳ ಮಂದಬುದ್ಧಿಯೆಂದು ಬಗೆಯುವುದು ಚರಿತ್ರೆಯನ್ನು ಅರಿಯದವರ ತೀರ್ಪು. ಗಡಿಯ ಔರಾದದಲ್ಲಿ ಮರಾಠಿಯಾಡುವ ಮನೆಯಿಂದ ಬಂದ ಮಗು ಕನ್ನಡದ ಪಠ್ಯವನ್ನು ಹಿಡಿದಾಗ, ಅದರ ಅಜ್ಜನು ಉರ್ದುವಿನ ಮುಂದೆ ಪಟ್ಟ ಪಾಡನ್ನೇ ಅದು ಪಡುತ್ತಿದೆ. ಒಟ್ಟು ೬೨೫ ಅಂಕಗಳಲ್ಲಿ ಪ್ರಥಮ ಭಾಷೆಯೊಂದಕ್ಕೇ ೧೨೫ ಮೀಸಲಾಗಿರುವ ಪರೀಕ್ಷೆಯಲ್ಲಿ ಈ ಭಾಷೆಯ ಕೊರತೆಯು ಇತರ ವಿಷಯಗಳನ್ನೂ ಬಾಧಿಸುತ್ತದೆ. ೧೯೮೯ರಲ್ಲಿ ಬೀದರದಲ್ಲಿ ಆರಂಭವಾದ ಶಾಹೀನ್ ಶಿಕ್ಷಣ ಸಂಸ್ಥೆಯು, ಕುರಾನನ್ನು ಕಂಠಸ್ಥ ಮಾಡಿಕೊಂಡು ಶಾಲೆಯ ಮುಖವನ್ನೇ ಕಾಣದಿದ್ದ ಹುಡುಗರಿಗೆ ಮೊದಲು ಭಾಷೆ, ಗಣಿತಗಳ ತಳಪಾಯವನ್ನು ಹಾಕಿ ಅನಂತರ ಸಾರ್ವಜನಿಕ ಪರೀಕ್ಷೆಗೆ ಅಣಿಗೊಳಿಸುತ್ತಿರುವುದನ್ನು ನೋಡಿದರೆ, ಪಟ್ಟದ್ದೇವರ ಕ್ರಮವು ಮತಭೇದವಿಲ್ಲದೆ ಸತ್ಯವೆಂಬುದು ಮನದಟ್ಟಾಗುತ್ತದೆ.

ಈ ಚರಿತ್ರೆಯಿಂದ ಇಂದಿನ ತಂದೆತಾಯಿಗಳು ಪಡೆಯಬೇಕಾದ ವಿವೇಕವುಂಟು. ೨೦೨೩–೨೪ರ ಸಾಲಿನಿಂದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದ್ದು, ಬಂದುದರಲ್ಲಿ ಉತ್ತಮವಾದ ಅಂಕವನ್ನು ಉಳಿಸಿಕೊಳ್ಳಬಹುದಾದ್ದರಿಂದ, ಮೊದಲ ಸೋಲಿಗೆ ಶಾಲೆ ಬಿಡಿಸಿ ಮಗಳಿಗೆ ಮದುವೆ ಮಾಡುವುದಕ್ಕೂ, ಮಗನನ್ನು ದುಡಿಯಲು ಕಳಿಸುವುದಕ್ಕೂ ಕಾರಣವೇ ಇಲ್ಲ. ಸಂವಿಧಾನದ ೩೭೧ (ಜೆ) ವಿಧಿಯ ಫಲವಾಗಿ ಈ ಪ್ರದೇಶದ ಸಂಸ್ಥೆಗಳಲ್ಲಿ ಶೇಕಡಾ ೭೦ ಸ್ಥಾನಗಳೂ, ರಾಜ್ಯದ ಉಳಿದೆಡೆ ಶೇಕಡಾ ೮ ಸ್ಥಾನಗಳೂ ಸ್ಥಳೀಯರಿಗೆ ಮೀಸಲಾಗಿವೆ; ಅದಕ್ಕೆ ಬೇಕಾದ, ಸಹಾಯಕ ಆಯುಕ್ತರು ನೀಡುವ ಅರ್ಹತಾಪತ್ರವನ್ನು ಪ್ರವೇಶದ ಗಡಿಬಿಡಿಗೆ ಮುಂಚೆಯೇ ಮಾಡಿಸಿಟ್ಟುಕೊಳ್ಳುವುದು ಹಿತ. ಆದರೆ ಇವೆಲ್ಲ ಕೊನೆಯ ಮೆಟ್ಟಿಲಿನ ಮಾತು. ಎಂಟನೆಯ ತರಗತಿಯ ಮಗು ಒಂದು ಪುಟವನ್ನು ಓದಿ ತನ್ನ ಮಾತಿನಲ್ಲಿ ಅರ್ಥ ಹೇಳಬಲ್ಲುದೇ ಎಂಬುದನ್ನು ಮನೆಯವರು ವಿಚಾರಿಸತೊಡಗಬೇಕು. ಹೇಳಲಾರದಾದರೆ ಶಾಲೆಯೂ, ಮಠವೂ, ಊರೂ ಅದರ ನೆರವಿಗೆ ನಿಲ್ಲಬೇಕು. ಹತ್ತನೆಯ ತರಗತಿಯ ಮಾರ್ಚ್ ತಿಂಗಳಿನಲ್ಲಿ ಪರೀಕ್ಷೆಗೊಳಗಾಗುವವನು ವಿದ್ಯಾರ್ಥಿಯೊಬ್ಬನೇ ಅಲ್ಲ, ಅವನಿಗೆ ಭಾಷೆಯನ್ನೂ ಅನ್ನವನ್ನೂ ಅವಕಾಶವನ್ನೂ ಒದಗಿಸುವ ಹೊಣೆ ಹೊತ್ತ ಸಮಾಜವೂ ಅವನೊಡನೆ ಉತ್ತರ ಕೊಡಬೇಕಾಗಿದೆ.