ಟೇಕ್ವಾಂಡೋ ಪರಿಭಾಷೆ

ಟೇಕ್ವಾಂಡೋ ಪರಿಭಾಷೆ ಎಂದರೆ ಕೊರಿಯಾದ ಸಮರಕಲೆಯಾದ ಟೇಕ್ವಾಂಡೋದ ಕಲಿಕೆ, ಪರೀಕ್ಷೆ ಮತ್ತು ಪಂದ್ಯಗಳಲ್ಲಿ ಬಳಕೆಯಲ್ಲಿರುವ ಕೊರಿಯನ್ ಪದಗಳ ಸಮೂಹ. ಆಜ್ಞೆಗಳು, ಎಣಿಕೆ, ನಿಲುವು, ತಡೆ, ಗುದ್ದು ಹಾಗೂ ಒದೆತಗಳ ಹೆಸರುಗಳು ಇದರಲ್ಲಿ ಸೇರುತ್ತವೆ. ಪಾಠದ ಭಾಷೆ ಯಾವುದೇ ಇದ್ದರೂ ಈ ಪದಗಳನ್ನು ಸಾಮಾನ್ಯವಾಗಿ ಕೊರಿಯನ್‌ನಲ್ಲಿಯೇ ಉಳಿಸಿಕೊಳ್ಳಲಾಗುತ್ತದೆ. ಬೆಲ್ಟ್ ಪರೀಕ್ಷೆಗಳಲ್ಲಿ ಇವುಗಳ ಅರ್ಥವನ್ನು ಬಾಯಿಮಾತಿನಲ್ಲಿ ಕೇಳುವ ವಾಡಿಕೆ ಹಲವೆಡೆ ಇದೆ.

ಹೆಸರು

'ಥೇ' ಎಂದರೆ ಕಾಲಿನಿಂದ ತುಳಿಯುವುದು ಅಥವಾ ಒದೆಯುವುದು, 'ಕ್ವೊನ್' ಎಂದರೆ ಮುಷ್ಟಿ, 'ದೊ' ಎಂದರೆ ಮಾರ್ಗ. ಮೂರೂ ಚೀನೀ ಮೂಲದ ಪದಗಳು. ಈ ಹೆಸರು ಬಳಕೆಗೆ ಬಂದದ್ದು 1955ರಲ್ಲಿ. ಅಭ್ಯಾಸದ ಸ್ಥಳವಾದ 'ದೊಜಂಗ್' ಮತ್ತು ಉಡುಪಾದ 'ದೊಬೊಕ್' ಎಂಬ ಪದಗಳಲ್ಲಿಯೂ ಇದೇ 'ದೊ' ಇದೆ.

ಪದರಚನೆ

ತಂತ್ರಗಳ ಹೆಸರುಗಳನ್ನು ಪಟ್ಟಿ ಮಾಡಿ ಉರುಹೊಡೆಯುವುದು ಶ್ರಮದಾಯಕವೂ ಹೌದು, ಬಹುಮಟ್ಟಿಗೆ ಅನಗತ್ಯವೂ ಹೌದು. ಇವು ಬಿಡಿಸಿ ನೋಡಬಹುದಾದ ಪದಗಳು. ಕನ್ನಡದ 'ಇಕೆ' ಪ್ರತ್ಯಯದಂತೆ ಕೊರಿಯನ್‌ನಲ್ಲಿ 'ಗಿ' ಪ್ರತ್ಯಯವು ಕ್ರಿಯೆಯನ್ನು ನಾಮಪದವಾಗಿಸುತ್ತದೆ. 'ಛ' ಎಂಬ ಒದೆಯುವ ಅರ್ಥದ ಧಾತುವಿಗೆ ಅದು ಸೇರಿದರೆ 'ಛಗಿ' (ಒದೆತ), ನಿಲ್ಲುವ ಅರ್ಥದ 'ಸೊ' ಧಾತುವಿಗೆ ಸೇರಿದರೆ 'ಸೊಗಿ' (ನಿಲುವು), ತಡೆಯುವ ಅರ್ಥದ 'ಮಕ್' ಧಾತುವಿಗೆ ಸೇರಿದರೆ 'ಮಕ್ಕಿ' (ತಡೆ). 'ಜಿರುಗಿ' ಎಂದರೆ ಗುದ್ದು.

ವಿಶೇಷಣವು ಕನ್ನಡದಲ್ಲಿರುವಂತೆಯೇ ಮೊದಲು ಬರುತ್ತದೆ. 'ಅಪ್' (ಮುಂದೆ), 'ಯೊಪ್' (ಪಕ್ಕ), 'ದ್ವಿ' (ಹಿಂದೆ) ಎಂಬ ಮೂರು ಪದಗಳನ್ನು ತಿಳಿದವರಿಗೆ ಅಪ್ ಛಗಿ, ಯೊಪ್ ಛಗಿ, ದ್ವಿ ಛಗಿ ಎಂಬ ಮೂರು ಒದೆತಗಳ ಹೆಸರು ತಾನಾಗಿಯೇ ತಿಳಿಯುತ್ತದೆ. ಇಲ್ಲಿನ 'ದ್ವಿ'ಯನ್ನು ಸಂಸ್ಕೃತದ ಎರಡು ಎಂದು ಭಾವಿಸಬಾರದು. ಎತ್ತರವನ್ನು ಸೂಚಿಸಲು 'ಅರೆ' (ಕೆಳಗೆ), 'ಮೊಮ್‌ಥೊಂಗ್' (ಮುಂಡ), 'ಒಲ್ಗುಲ್' (ಮುಖ) ಎಂಬ ಪದಗಳಿವೆ. ಅರೆ ಮಕ್ಕಿ ಎಂದರೆ ಕೆಳಭಾಗದ ತಡೆ. 'ಅಪ್ ಕುಬಿ ಮೊಮ್‌ಥೊಂಗ್ ಜಿರುಗಿ' ಎಂಬ ದೀರ್ಘ ಹೆಸರಿನಲ್ಲಿ ಮೊದಲು ಮುಂಗಾಲು ಬಾಗಿಸಿದ ನಿಲುವು, ಅನಂತರ ಗುರಿ, ಕೊನೆಗೆ ಗುದ್ದು ಬರುತ್ತದೆ. ವಾಕ್ಯದ ಕೊನೆಯಲ್ಲಿ ಕ್ರಿಯಾಪದವನ್ನಿಡುವ ಕನ್ನಡಿಗರಿಗೆ ಈ ಕ್ರಮ ಇಂಗ್ಲಿಷ್ ಅನುವಾದಕ್ಕಿಂತ ಸಹಜವಾಗಿ ಹೊಂದುತ್ತದೆ.

ಎಣಿಕೆ

ಕೊರಿಯನ್‌ನಲ್ಲಿ ಎರಡು ಸಂಖ್ಯಾಕ್ರಮಗಳಿವೆ. ಅಭ್ಯಾಸದ ಎಣಿಕೆಗೆ ದೇಶೀಯ ಕ್ರಮ: ಹನ, ದುಲ್, ಸೆತ್, ನೆತ್, ದಸೊತ್, ಯೊಸೊತ್, ಇಲ್ಗೊಪ್, ಯೊದೊಲ್, ಅಹೊಪ್, ಯೊಲ್. ದರ್ಜೆ ಮತ್ತು ಪಾಠಕ್ರಮಗಳಿಗೆ ಚೀನೀ ಮೂಲದ ಕ್ರಮ: ಇಲ್, ಇ, ಸಮ್, ಸ, ಒ, ಯುಕ್, ಛಿಲ್, ಫಲ್, ಗು, ಸಿಪ್. 'ಮೂರು ಸಲ' ಎಂದು ಎಣಿಸಿ 'ತೃತೀಯ ದರ್ಜೆ' ಎಂದು ಹೇಳುವ ಕನ್ನಡಿಗರಿಗೆ ಈ ದ್ವಂದ್ವ ಹೊಸದೇನಲ್ಲ. 'ಥೇಗುಕ್ ಇಲ್ ಜಂಗ್' ಎಂದರೆ ಥೇಗುಕ್ ಸರಣಿಯ ಮೊದಲ ಅಧ್ಯಾಯ. 'ಸಮ್ ದನ್' ಎಂದರೆ ಕಪ್ಪು ಬೆಲ್ಟಿನ ಮೂರನೆಯ ದರ್ಜೆ. ಒಂದು ಎಂಬರ್ಥದ 'ಇಲ್' ಹಾಗೂ ಏಳು ಎಂಬರ್ಥದ 'ಇಲ್ಗೊಪ್' ಪದಗಳನ್ನು ಹೊಸಬರು ಅದಲುಬದಲು ಮಾಡುವುದುಂಟು.

ಆಜ್ಞೆಗಳು

ಛರ್ಯೊತ್ (ಸಾವಧಾನ), ಗ್ಯೊಂಗ್ನ್ಯೆ (ವಂದನೆ), ಜುನ್‌ಬಿ (ಸಿದ್ಧತೆ), ಶಿಜಕ್ (ಆರಂಭ), ಗುಮನ್ (ನಿಲ್ಲಿಸು) ಇವು ಮುಖ್ಯವಾದವು. ಪಂದ್ಯದಲ್ಲಿ 'ಕಲ್ಯೊ' ಎಂದರೆ ಬೇರ್ಪಡಿ, 'ಗ್ಯೆಸೊಕ್' ಎಂದರೆ ಮುಂದುವರಿಸು. 'ಕಲ್ಯೊ' ಎಂದ ಮೇಲೂ ಎದುರಾಳಿಯನ್ನು ಹೊಡೆದರೆ 'ಗಮ್‌ಜೊಮ್' ಎಂಬ ದಂಡ ಬೀಳುತ್ತದೆ, ಎದುರಾಳಿ ಗಾಯಗೊಳ್ಳಲೂಬಹುದು. ಆದ್ದರಿಂದ ಬೇರೆ ಯಾವ ಪದವನ್ನು ಮರೆತರೂ ನಿಲ್ಲಿಸುವ ಆಜ್ಞೆಗಳನ್ನು ಮರೆಯುವಂತಿಲ್ಲ.

ಉಚ್ಚಾರಣೆ ಮತ್ತು ಬರಹ

ಕೊರಿಯನ್‌ನ ಕೆಲವು ಸ್ವರಗಳಿಗೆ ಕನ್ನಡದಲ್ಲಿ ನೇರ ಅಕ್ಷರಗಳಿಲ್ಲ. ಮೇಲೆ 'ಒ' ಎಂದು ಬರೆದಿರುವ ಅನೇಕ ಕಡೆ ಮೂಲಧ್ವನಿಯು ಅ ಮತ್ತು ಒಗಳ ನಡುವಿನದು. 'ಫಲ್' ಎಂಬಲ್ಲಿ ತುಟಿ ಸೇರಿಸಿ ಮಹಾಪ್ರಾಣವನ್ನೇ ನುಡಿಯಬೇಕು. 'ಟೇಕ್ವಾಂಡೋ' ಎಂಬ ರೂಢಿಯ ರೂಪ ಇಂಗ್ಲಿಷಿನ ಮೂಲಕ ಬಂದದ್ದು. ಮೂಲದಲ್ಲಿ ನಾಲಗೆಯನ್ನು ಹಿಂದಕ್ಕೆ ಮಡಿಸುವ ಟಕಾರವಿಲ್ಲ. ರೋಮನ್ ಲಿಪ್ಯಂತರಣದ ಹಳೆಯ ಪದ್ಧತಿಯೂ 2000ದಲ್ಲಿ ಕೊರಿಯಾ ಸರ್ಕಾರ ಜಾರಿಗೆ ತಂದ ಪದ್ಧತಿಯೂ ಜೊತೆಯಾಗಿ ಚಾಲ್ತಿಯಲ್ಲಿರುವುದರಿಂದ ಪುಸ್ತಕಗಳಲ್ಲಿ ಜುನ್‌ಬಿ–ಚುನ್‌ಬಿ, ಗ್ಯೊರುಗಿ–ಕ್ಯೊರುಗಿ (ಸೆಣಸಾಟ) ಎಂಬ ಜೋಡಿ ರೂಪಗಳು ಕಾಣುತ್ತವೆ. ಇವು ಬೇರೆ ಪದಗಳಲ್ಲ.

ಸಂಸ್ಥೆಗಳ ನಡುವಿನ ಭೇದ

1966ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಟೇಕ್ವಾಂಡೋ ಫೆಡರೇಷನ್ನಿನ ಪರಂಪರೆ ಮತ್ತು 1973ರಲ್ಲಿ ಸ್ಥಾಪನೆಯಾಗಿ ಒಲಿಂಪಿಕ್ ಪಂದ್ಯಗಳನ್ನು ನಡೆಸುವ ಇಂದಿನ ವರ್ಲ್ಡ್ ಟೇಕ್ವಾಂಡೋ ಸಂಸ್ಥೆಯ ಪರಂಪರೆಗಳ ಪದಗಳು ಪೂರ್ಣವಾಗಿ ಒಂದೇ ಅಲ್ಲ. ನಿಗದಿತ ಚಲನೆಗಳ ಸರಣಿಯನ್ನು ಮೊದಲನೆಯದು 'ಥುಲ್' ಎಂದರೆ ಎರಡನೆಯದು 'ಪೂಮ್ಸೆ' ಎನ್ನುತ್ತದೆ. ಶಾಲೆ ಬದಲಿಸಿದ ವಿದ್ಯಾರ್ಥಿಯು ತಾನು ಮೊದಲು ಕಲಿತದ್ದು ತಪ್ಪೆಂದು ತಿಳಿಯಬೇಕಾಗಿಲ್ಲ.